ಈರಪ್ಪನ ಐತವಾರ ಮತ್ತು ನನ್ನ ಚಾಕು

ಇಪ್ಪತ್ತಾರು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದ ನನಗೆ, ಒಂದು ಚಾಕು ಆರಿಸುವುದು ಕಷ್ಟದ ಕೆಲಸ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅಂಗಡಿಗೆ ಹೋಗುವುದು, ಹರಿತವಾದದ್ದನ್ನು ನೋಡುವುದು, ಕೊಳ್ಳುವುದು. ಮೂರೇ ಹೆಜ್ಜೆಯ ಲೆಕ್ಕ. ಆ ಮೂರು ಹೆಜ್ಜೆ ಇಡಲು ನಾನು ಏಳು ತಿಂಗಳು ತೆಗೆದುಕೊಂಡೆ!

ಚಾಕು ಬೇಕಾಗಿದ್ದು ಈರಪ್ಪನ ಸಲುವಾಗಿ. ಈರಪ್ಪ ನನ್ನ ಬಾಲ್ಯದ ಗೆಳೆಯ. ಕುಲಗೋಡದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದ. ಸುಟ್ಟು ಕರಕಲಾದ ಮೋಟಾರಿಗೆ ಹೊಸ ತಂತಿ ಸುತ್ತಿ ಮತ್ತೆ ನೀರು ಎತ್ತಿಸುವುದರಲ್ಲಿ ಅವನನ್ನು ಮೀರಿಸುವವರು ಸುತ್ತಲಿನ ಊರುಗಳಲ್ಲಿ ಇರಲಿಲ್ಲ. ನಾನಿರುವುದು ಮೂಡಲಗಿಯಲ್ಲಿ. ವಾರಕ್ಕೊಮ್ಮೆಯಾದರೂ ಅವನ ಅಂಗಡಿಯ ಮುರುಕು ಸ್ಟೂಲಿನ ಮೇಲೆ ಕೂತು ಚಹಾ ಕುಡಿಯದಿದ್ದರೆ ನನಗೆ ಸಮಾಧಾನವಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅವನಿಗೆ ನಡೆದರೆ ದಮ್ಮು ಹತ್ತತೊಡಗಿತು. ಗೋಕಾಕದಲ್ಲಿ ಡಾಕ್ಟರಿಗೆ ತೋರಿಸಿದಾಗ, ಹೃದಯ ದೊಡ್ಡದಾಗಿದೆ ಎಂದರು.

‘ಕೇಳಿದ್ಯಾ ಮಾಸ್ತರ? ನನ್ನ ದಿಲ್ ದೊಡ್ಡದ ಐತಿ ಅಂತ ಈಗ ಡಾಕ್ಟರ್ರೂ ಬರದ ಕೊಟ್ರು!’ ಎಂದು ಅವನೇ ನಕ್ಕ. ಅವನ ಹೆಂಡತಿ ಕಸ್ತೂರಿ ವೈನಿ ನಗಲಿಲ್ಲ. ನಾನೂ ನಗಲಿಲ್ಲ.

ಆಮೇಲೆ ಈರಪ್ಪ ತನ್ನ ಆಸೆ ಹೇಳಿದ. ಗೋಕಾಕದ ಆಚೆಯ ಗುಡ್ಡದಲ್ಲಿ ಅವನು ಸಣ್ಣವನಿದ್ದಾಗ ಸೋದರಮಾವನ ಆಡು ಕಾಯುತ್ತಿದ್ದ. ಅಲ್ಲೊಂದು ಚಪ್ಪಟೆ ಬಂಡೆ. ಅದರ ಮೇಲೆ ಕೂತರೆ ಕೆಳಗೆ ಹೊಳೆ ಕಾಣುತ್ತದೆ. ಮುಂಜಾನೆ ಹೋಗಿ, ಮೂರು ಕಲ್ಲು ಹೂಡಿ, ಅಲ್ಲೇ ಸಿಕ್ಕ ಕಟ್ಟಿಗೆಯಲ್ಲಿ ಅಡುಗೆ ಮಾಡಿ ಉಂಡು, ಒಂದು ತಾಸು ಬಂಡೆಯ ಮೇಲೆ ಮಲಗಿ, ಸಂಜೆಯೊಳಗೆ ವಾಪಸಾಗಬೇಕು. ಅಷ್ಟೇ.

‘ಬರೂ ಐತವಾರ ಹೋಗೂಣು. ಇನ್ನ ತಡಾ ಮಾಡಿದ್ರ ನನ್ನ ಕಾಲು ಒಪ್ಪೂದಿಲ್ಲ’ ಎಂದ.

ಅವನು ಹಗುರವಾಗಿ ಹೇಳಿದರೂ ಮಾತಿನ ತೂಕ ನನಗೆ ತಿಳಿಯಿತು. ತಿಳಿದದ್ದರಿಂದಲೇ ಈ ಕಾರ್ಯವನ್ನು ಶಾಸ್ತ್ರೋಕ್ತವಾಗಿ ನೆರವೇರಿಸಬೇಕೆಂದು ತೀರ್ಮಾನಿಸಿದೆ.

‘ಹಂಗ ಹೋಗಾಕ ಬರೂದಿಲ್ಲ ಈರ್ಯಾ. ತಯಾರಿ ಬೇಕು’ ಎಂದೆ.

ಅದೇ ಮೊದಲನೆಯ ತಪ್ಪು.

ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಕಾಡಿನಲ್ಲಿ ಸಿಕ್ಕಿದ್ದರಲ್ಲೇ ಬೆಂಕಿ, ಗುಡಿಸಲು, ಊಟ ಎಲ್ಲ ಮಾಡಿಕೊಳ್ಳುವ ವಿದ್ಯೆಗೆ ಬುಷ್‌ಕ್ರಾಫ್ಟ್ ಎನ್ನುತ್ತಾರಂತೆ. ಗಡ್ಡ ಬಿಟ್ಟ ಪರದೇಶದ ಗಂಡಸರು ಹಿಮದ ನಡುವೆ ಕೂತು ಕಟ್ಟಿಗೆ ಸೀಳುತ್ತಿದ್ದರು. ಎಲ್ಲರ ಸೊಂಟದಲ್ಲೂ ಒಂದೊಂದು ಚಾಕು. ನಾನೂ ಒಂದು ತರಿಸಿದೆ. ಅಂಗೈಯಲ್ಲಿ ಮುಚ್ಚಿಡಬಹುದಾದಂಥ, ಮಡಚುವ ಚಾಕು. ಪರೀಕ್ಷೆಗೆಂದು ಒಂದು ಪೇರಲಹಣ್ಣು ಕೊಯ್ಯಲು ಹೋದೆ. ಚಾಕು ಮಡಚಿಕೊಂಡಿತು. ನಡುವೆ ನನ್ನ ಬೆರಳಿತ್ತು.

ಮೂರು ಹೊಲಿಗೆ! ಆ ಐತವಾರ ಹೋಯಿತು.

ಗಾಯದಿಂದ ಜ್ಞಾನ ಬಂತು. ಮಡಚುವ ಚಾಕುವಿಗೆ ನಡುವೆ ಕೀಲು ಇರುತ್ತದೆ, ಕೀಲು ಇದ್ದಲ್ಲಿ ನಂಬಿಕೆ ಇಲ್ಲ. ಅಲಗು ಹಿಡಿಕೆಯ ಕೊನೆಯತನಕ ಒಂದೇ ತುಂಡಾಗಿ ಹೋಗಿರಬೇಕು. ಸಣ್ಣದರಿಂದ ಗೂಟ ಕೆತ್ತಬಹುದು, ಕಟ್ಟಿಗೆ ಸೀಳಲು ದೊಡ್ಡದೇ ಬೇಕು. ಉದ್ದ ಎಷ್ಟು, ದಪ್ಪ ಎಷ್ಟು, ಅಂಚಿನ ಕೋನ ಎಷ್ಟು ಎಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿದೆ.

ನನ್ನ ಹೆಂಡತಿ ಶಾಂತಾ ಹೆಗಲ ಮೇಲಿಂದ ಬಗ್ಗಿ ನೋಡಿದಳು. ‘ಏನ್ರಿ, ಮಗಳಿಗಿ ವರಾ ನೋಡುವಾಗ ಇಷ್ಟ ವಿಚಾರ ಮಾಡಿರಲಿಲ್ಲಲ್ರಿ ನೀವು!’

ಎರಡನೆಯ ಚಾಕು ಗೋಕಾಕದ ಪೇಟೆಯಲ್ಲಿ ಸಿಕ್ಕಿತು. ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಬೆನ್ನಿಗೆ ಗರಗಸದಂಥ ಹಲ್ಲು. ಹಿಡಿಕೆಯ ತುದಿಯಲ್ಲಿ ಒಂದು ದಿಕ್ಸೂಚಿ ಕೂಡ! ಹಿತ್ತಲಲ್ಲಿ ಬೇವಿನ ತುಂಡನ್ನಿಟ್ಟು ಏಟು ಹಾಕಿದೆ. ಒಂದು. ಎರಡು. ಮೂರನೆಯದಕ್ಕೆ ಹಿಡಿಕೆ ನನ್ನ ಕೈಯಲ್ಲಿ ಉಳಿಯಿತು, ಅಲಗು ಗೋಡೆ ಹಾರಿತು. ಬಾಜೂ ಮನೆಯ ಗಂಗವ್ವ ಅಂಗಳದಲ್ಲಿ ಸಂಡಿಗೆ ಒಣಗಿಸುತ್ತಿದ್ದಳು. ಅಲಗು ಹೋಗಿ ಸಂಡಿಗೆಗಳ ನಡುವೆ ನೆಟ್ಟಗೆ ನಿಂತಿತು.

ಆಮೇಲೆ ಗೋಡೆಯಾಚೆಯಿಂದ ದನಿ ಬಂತು.

‘ಮಾಸ್ತರ್ರ, ನನ್ನ ಮ್ಯಾಲ ಸಿಟ್ಟಿದ್ರ ಬಾಯಿಲೆ ಹೇಳ್ರಿ!’

ನನ್ನ ಕೈಯಲ್ಲಿದ್ದ ದಿಕ್ಸೂಚಿ ಉತ್ತರ ತೋರಿಸುತ್ತಿತ್ತು. ಗಂಗವ್ವನಿಗೆ ಕೊಡಲು ನನ್ನ ಹತ್ತಿರ ಉತ್ತರವಿರಲಿಲ್ಲ.

ಪ್ರತಿ ಶನಿವಾರ ಈರಪ್ಪನ ಫೋನು ಬರುತ್ತಿತ್ತು. ‘ನಾಳೆ ಹೋಗೂಣೇನು?’ ಎನ್ನುತ್ತಿದ್ದ. ‘ಮುಂದಿನ ವಾರ ನಕ್ಕಿ’ ಎಂದು ಖಾತ್ರಿ ಕೊಡುತ್ತಿದ್ದೆ. ಕೆಲವು ವಾರಗಳ ಮೇಲೆ ಐತವಾರದ ಮಾತು ಬಿಟ್ಟು, ‘ಚಾಕು ಸಿಕ್ತೇನು?’ ಎಂದಷ್ಟೇ ಕೇಳತೊಡಗಿದ. ಎರಡು ಶಬ್ದದ ನಡುವೆ ಅವನು ಒಮ್ಮೆ ಉಸಿರು ತೆಗೆದುಕೊಳ್ಳುವುದು ನನಗೆ ಕೇಳಿಸುತ್ತಿತ್ತು. ಕೇಳಿಸಿದರೂ ನಾನು ಅವನಿಗೆ ಅಲಗಿನ ದಪ್ಪ ವಿವರಿಸುತ್ತಿದ್ದೆ.

ಅಂಗಡಿಯ ಚಾಕುಗಳ ಮೇಲೆ ವಿಶ್ವಾಸ ಹೋಗಿತ್ತು. ಹುಕ್ಕೇರಿಯಲ್ಲಿ ಒಬ್ಬ ವಯಸ್ಸಾದ ಕಮ್ಮಾರನಿದ್ದಾನೆ, ಅವನು ಬಡಿದ ಕಬ್ಬಿಣ ಮುರಿದ ಉದಾಹರಣೆಯೇ ಇಲ್ಲ ಎಂದು ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ಹೇಳಿದರು. ನೋಟ್‌ಬುಕ್ಕು ಹಿಡಿದು ಹುಕ್ಕೇರಿಗೆ ಹೋದೆ. ಮುದುಕ ಕುಲುಮೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ.

‘ಏನ ಕಡ್ಯಾಕ ಬೇಕ್ರಿ?’ ಎಂದ.

ನಾನು ಪುಟ ತೆರೆದು ಓದಿದೆ. ‘ಕಟಿಗಿ ಸೀಳಾಕ, ಗೂಟ ಕೆತ್ತಾಕ, ಟೊಂಗಿ ಸವರಾಕ, ಬ್ಯಾಟಿ ಆಡಿದ ಮ್ಯಾಲ ಚರ್ಮ ಸುಲ್ಯಾಕ…’

‘ನೀವು ಮಾಂಸ ತಿಂತೀರೇನ್ರಿ?’

‘ಇಲ್ಲ.’

‘ಮತ್ತ ಯಾರ ಚರ್ಮಾ ಸುಲೀತೀರಿ?’

ನೋಟ್‌ಬುಕ್ಕಿನ ಆ ಸಾಲನ್ನು ಹೊಡೆದುಹಾಕಿದೆ.

ಮುದುಕ ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿದ. ಹೊಲಿಗೆ ಬಿದ್ದ ಬೆರಳನ್ನು ಮುಟ್ಟಿದ. ಮಣಿಕಟ್ಟನ್ನು ಒತ್ತಿದ. ‘ಬೋರ್ಡ್ ಮ್ಯಾಲ ಬರಿಯೂ ಕೈರಿ ಇದು. ಒಂಬತ್ತ ಇಂಚ ಭಾಳ ಆತು. ಅದಕ್ಕಿಂತ ಹೆಚ್ಚಾದ್ರ ಚಾಕು ನಿಮ್ಮನ್ನ ಎಳಕೊಂಡ ಹೋಗತೈತಿ.’

‘ಹನ್ನೆರಡ ಇಂಚ ಬೇಕ್ರಿ’ ಎಂದೆ. ಕೋಷ್ಟಕದಲ್ಲಿ ಹಾಗೆ ಬಂದಿತ್ತು.

ಅವನು ನನ್ನ ಕೈ ಬಿಟ್ಟ. ‘ಆತ್ರಿ. ಕೈ ನಿಮ್ಮದು.’

ಲಾರಿಯ ಅಡಿಯಿಂದ ಬಿಚ್ಚಿದ ಉಕ್ಕಿನ ಪಟ್ಟಿಯೊಂದನ್ನು ಬದಿಗೆ ತೆಗೆದಿಟ್ಟ. ರೈತರ ನೇಗಿಲ ಕುಳ, ಕೊಡಲಿಗಳ ಕೆಲಸ ಮುಗಿದ ಮೇಲೆ ನನ್ನ ಪಾಳಿ ಎಂದ. ನಾನು ಸುಮ್ಮನೆ ಕಾಯಬೇಕಿತ್ತು. ಕಾಯಲಿಲ್ಲ. ಹದಿನೈದು ದಿನಕ್ಕೊಮ್ಮೆ ಹೋಗಿ, ತುದಿ ಸ್ವಲ್ಪ ಬಾಗಿರಲಿ ಎಂದೆ. ಆಮೇಲೆ ತುದಿ ನೆಟ್ಟಗಿರಲಿ ಎಂದೆ. ಹಿಡಿಕೆಗೆ ಜಾಲಿ ಬೇಡ, ಸೀಸಂ ಹಾಕು ಎಂದೆ. ಒಂದೊಂದು ಸಲ ಹೋದಾಗಲೂ ಮುದುಕ ನನ್ನ ಪಟ್ಟಿಯನ್ನು ಎತ್ತಿ ಎಲ್ಲರ ಕೆಲಸದ ಹಿಂದೆ ಇಟ್ಟ. ಹೀಗೆ ಬೇಸಿಗೆ ಕಳೆಯಿತು.

ಮೊದಲ ಮಳೆ ಬಿದ್ದ ವಾರ ಚಾಕು ಕೈಗೆ ಬಂತು. ಎಂಥ ಚಾಕು! ಕಪ್ಪಗೆ, ದಪ್ಪಗೆ, ಒಂದೇ ಕೈಯಲ್ಲಿ ಎತ್ತಿದರೆ ಮಣಿಕಟ್ಟು ತಾನಾಗಿಯೇ ಕೆಳಗೆ ಬಾಗುತ್ತಿತ್ತು. ಅದಕ್ಕೆ ಒರೆ ಇರಲಿಲ್ಲ. ಹಳೆ ಪೇಪರಿನಲ್ಲಿ ಸುತ್ತಿಕೊಂಡು, ಕಂಕುಳಲ್ಲಿಟ್ಟು ಗೋಕಾಕದ ಬಸ್ಸು ಹತ್ತಿದೆ. ಪೇಪರು ಮಳೆಗೆ ತೊಯ್ದಿತ್ತು. ರಸ್ತೆಯ ಒಂದು ದೊಡ್ಡ ಕುಣಿಯಲ್ಲಿ ಬಸ್ಸು ಇಳಿದೆದ್ದಾಗ ಪೇಪರು ಹರಿದು, ಹನ್ನೆರಡು ಇಂಚೂ ಒಮ್ಮೆಲೇ ಪ್ರಕಟವಾಯಿತು.

ಬಾಜೂ ಕೂತಿದ್ದ ಮುದುಕಿ ಅದನ್ನು ನೋಡಿದಳು. ನನ್ನನ್ನು ನೋಡಿದಳು. ‘ಯಪ್ಪಾ, ನಾ ಮುಂದಿನ ಸೀಟಿಗಿ ಹೋಗ್ತೇನಿ’ ಎಂದು ಎದ್ದಳು. ಅವಳ ಹಿಂದೆ ಉಳಿದವರೂ ಎದ್ದರು. ನನ್ನ ಸುತ್ತ ನಾಲ್ಕು ಸೀಟು ಖಾಲಿ. ಆ ದಾರಿಯ ಬಸ್ಸಿನಲ್ಲಿ ನಾನು ಕಾಲು ಚಾಚಿ ಕೂತದ್ದು ಅದೇ ಮೊದಲು!

ಕಂಡಕ್ಟರು ದಾರಿಯಲ್ಲಿದ್ದ ಒಂದು ಪೊಲೀಸ್ ಠಾಣೆಯ ಮುಂದೆ ಬಸ್ಸು ನಿಲ್ಲಿಸಿ, ಬಹಳ ಮರ್ಯಾದೆಯಿಂದ ನನ್ನನ್ನು ಇಳಿಸಿಕೊಟ್ಟ.

‘ಯಾರನ್ನ ಕಡ್ಯಾಕ ಹೊಂಟಿದ್ರಿ?’ ಎಂದು ಸಾಹೇಬರು ಕೇಳಿದರು.

‘ಯಾರನ್ನೂ ಅಲ್ರಿ. ಗೆಳ್ಯಾನ್ನ ಕರಕೊಂಡ ಗುಡ್ಡಕ್ಕ ಹೋಗೂದೈತ್ರಿ.’

ಹೇಳಿದ ಮೇಲೆ ಆ ಮಾತು ಹೇಗೆ ಕೇಳಿಸಿತೆಂದು ಹೊಳೆಯಿತು. ಸಾಹೇಬರು ಪೆನ್ನು ಕೆಳಗಿಟ್ಟರು. ‘ಆ ಗೆಳ್ಯಾನ್ನ ಕರಸ್ರಿ. ಅಂವಾ ಜೀವಂತ ಅದಾನೋ ಇಲ್ಲೋ ಮೊದಲ ನೋಡೂಣು.’

ಶಾಂತಾಳಿಗೆ ಫೋನು ಮಾಡಬೇಕಿತ್ತು. ಹೆಡ್‌ಮಾಸ್ತರರಿಗೆ ಮಾಡಬೇಕಿತ್ತು. ಗಾಬರಿಯಲ್ಲಿ ನಾನು ಮಾಡಿದ್ದು ಈರಪ್ಪನಿಗೆ.

ಎರಡು ತಾಸಿನ ಮೇಲೆ ಅವನು ಟಂಟಂ ರಿಕ್ಷಾದಲ್ಲಿ ಬಂದಿಳಿದ. ಠಾಣೆಗೆ ಐದೇ ಮೆಟ್ಟಿಲು. ಐದು ಮೆಟ್ಟಿಲಿಗೆ ಎರಡು ಸಲ ನಿಂತ. ಪಾದ ಬಾತು ಚಪ್ಪಲಿಯ ಪಟ್ಟಿ ಹಾಕಲು ಬಂದಿರಲಿಲ್ಲ. ಸಾಹೇಬರೇ ಎದ್ದು ಅವನಿಗೆ ಕುರ್ಚಿ ಕೊಟ್ಟು ನೀರು ತರಿಸಿದರು. ನೀರು ಕುಡಿದು, ಉಸಿರು ಹಿಡಿತಕ್ಕೆ ಬಂದ ಮೇಲೆ ಈರಪ್ಪ ಹೇಳಿದ.

‘ಸಾಹೇಬ್ರ, ಇಂವಾ ಇರುವಿ ತುಳದ್ರೂ ಹಿಂದ ಹೊಳ್ಳಿ ನೋಡಾಂವ. ಬಿಡ್ರಿ.’

ಬಿಟ್ಟರು. ಒರೆಯಿಲ್ಲದೆ ಇಂಥದ್ದನ್ನು ಹಿಡಿದು ತಿರುಗಬೇಡಿ ಎಂದು ಎಚ್ಚರಿಸಿ ಚಾಕುವನ್ನೂ ಕೊಟ್ಟರು. ಹೊರಗೆ ಬೇವಿನ ಮರದ ಕೆಳಗೆ ಈರಪ್ಪ ಅದನ್ನು ಎರಡೂ ಕೈಯಿಂದ ಹಿಡಿದು ನೋಡಿ ನನಗೆ ಮರಳಿಸಿದ.

‘ಛಲೋ ಐತಿ. ಈಗರೆ ಹೋಗೂಣಲ್ಲ?’

‘ಒಂದ ಒರೆ ಮಾಡಿಸಿಬಿಡತೇನಿ ಈರ್ಯಾ. ಸಾಹೇಬ್ರೂ ಹೇಳ್ಯಾರ.’

ಅವನ ಪಾದ ನೋಡುತ್ತಲೇ ಈ ಮಾತು ಆಡಿದೆ. ಇಷ್ಟು ದಿನದ ನನ್ನ ಮೂರ್ಖತನಕ್ಕೆ ಒಂದು ಕಾರಣ ಹೇಳಬೇಕೆಂದರೆ ಇದು: ಗುಡ್ಡಕ್ಕೆ ಹೋಗಿ ಬಂದರೆ ಅವನ ಆಸೆ ತೀರುತ್ತದೆ, ಆಸೆ ತೀರಿದ ಮೇಲೆ ಅವನು ಯಾತಕ್ಕೆ ಕಾಯುತ್ತಾನೆ ಎಂಬ ಹೆದರಿಕೆ ನನಗೆ. ಚಾಕು ತಯಾರಾಗುವತನಕ ಈರಪ್ಪ ಎಲ್ಲಿಗೂ ಹೋಗಲಾರ ಎಂದು ನಂಬಿದ್ದೆ. ಗಣಿತದ ಮಾಸ್ತರನ ಲೆಕ್ಕ ನೋಡಿ!

ಈರಪ್ಪ ನನ್ನ ಮುಖ ನೋಡಿದ. ‘ಆತು, ಮಾಡಸು’ ಎಂದು ಟಂಟಂ ಹತ್ತಿದ.

ಮೂಡಲಗಿಯಲ್ಲಿ ಚರ್ಮದ ಕೆಲಸದವನು ಒರೆ ಹೊಲಿದುಕೊಟ್ಟದ್ದು ಶ್ರಾವಣದ ಒಂದು ಬುಧವಾರ. ಗುರುವಾರ ಮುಂಜಾನೆ ಈರಪ್ಪ ಹೋದ.

ಅವನ ಮಣ್ಣಿಗೆ ಹೋಗಿದ್ದೆ. ಆ ದಿನದ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ. ಐದು ದಿನ ಬಿಟ್ಟು ಶಾಂತಾಳನ್ನು ಕರೆದುಕೊಂಡು ಕುಲಗೋಡಕ್ಕೆ ಮಾತಾಡಿಸಲು ಹೋದೆ. ಕಸ್ತೂರಿ ವೈನಿ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಶಾಂತಾ ಹೋಗಿ ಅವರ ಕೈ ಹಿಡಿದು ಕೂತಳು. ನಾನು ಚಾಪೆಯ ತುದಿಗೆ ಕೂತೆ.

‘ಅವನ ಗುಡ್ಡದ ಆಸೆ ಉಳದ ಹೋತ್ರಿ ವೈನಿ. ನನ್ನ ಸಲುವಾಗಿ ಉಳೀತು’ ಎಂದೆ.

ವೈನಿ ಸೆರಗಿನಿಂದ ಮುಖ ಒರೆಸಿಕೊಂಡರು. ‘ಉಳದಿಲ್ರಿ ಮಾಸ್ತರ್ರ. ನಾವಿಬ್ರೂ ಹೋಗಿ ಬಂದ್ವಿ.’

‘ಯಾವಾಗ್ರಿ?’

‘ಯುಗಾದಿ ಆಗಿ ಬಂದ ಐತವಾರ. ಅರ್ಧಾ ದಾರಿ ಗಾಡಿ ಹೋತು, ಮುಂದ ಸಾವಕಾಶ ಹತ್ತಿದ್ವಿ. ಸಂಜಿತನಾ ಆ ಬಂಡಿಗಲ್ಲ ಮ್ಯಾಲ ಮಕ್ಕೊಂಡಿದ್ರು. ಆಡಿನ ಹೆಸರೆಲ್ಲಾ ನೆನಪ ಮಾಡಿ ಮಾಡಿ ಹೇಳಿದ್ರು. ನಿಮಗ ಹೇಳಬ್ಯಾಡ ಅಂದ್ರು ನೋಡ್ರಿ. ಮಾಸ್ತರ ಜೀವಾ ಇಟ್ಟ ಚಾಕು ಹುಡಕಾಕತ್ತಾನ, ಮನಸಿಗಿ ಹಚ್ಚಿಕೊಂತಾನ ಅಂತ.’

ಯುಗಾದಿ! ನಾನು ಆಗ ಹುಕ್ಕೇರಿಯಲ್ಲಿ ತುದಿ ಬಾಗಿರಬೇಕೋ ನೆಟ್ಟಗಿರಬೇಕೋ ಎಂದು ಚರ್ಚೆ ಮಾಡುತ್ತಿದ್ದೆ. ಠಾಣೆಯ ಹೊರಗೆ ಬಾತ ಪಾದಗಳ ಮೇಲೆ ನಿಂತು ‘ಈಗರೆ ಹೋಗೂಣಲ್ಲ?’ ಎಂದು ಅವನು ಕೇಳಿದ್ದು ಹಾಗಾದರೆ ನನ್ನ ಸಲುವಾಗಿ. ಅವನು ಆಗಲೇ ಹೋಗಿ ಬಂದಾಗಿತ್ತು.

ಇಂಥ ಹೊತ್ತಿನಲ್ಲಿ ಮನುಷ್ಯನಾದವನು ಸುಮ್ಮನಿರಬೇಕು. ಇಲ್ಲವೇ ಅಳಬೇಕು. ಸಾವಾದ ಮನೆಯಲ್ಲಿ ಚಾಪೆಯ ಮೇಲೆ ಕೂತು ನಾನು ಕೇಳಿದ್ದು ಇದು:

‘ಎಷ್ಟ ಇಂಚಿನ ಚಾಕು ಒಯ್ದಿದ್ರಿ ವೈನಿ?’

ಶಾಂತಾ ನನ್ನ ತೊಡೆಯನ್ನು ಚಿವುಟಿದಳು. ವೈನಿ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಅವರಿಗೆ ನಗು ಬಂತು. ನಗು ನಡುವೆಯೇ ಅಳುವಾಯಿತು, ಅಳು ಮತ್ತೆ ನಗುವಾಯಿತು.

‘ಚಾಕು ಯಾತಕ್ರಿ? ಒಣಾ ಕಟಿಗಿ ಬೇಕಾದಷ್ಟ ಬಿದ್ದಿತ್ತು, ಕೈಲೆ ಮುರದ್ವಿ. ಉಳ್ಳಾಗಡ್ಡಿ ಅವರ ಮುಷ್ಟಿಲೆ ಗುದ್ದಿ ಒಡದ್ರು.’

ಚಾಕು ಈಗ ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿದೆ. ಕೊಡಲು ಮನಸ್ಸಿಲ್ಲ, ಇಟ್ಟುಕೊಂಡು ಮಾಡುವ ಕೆಲಸವೂ ಇಲ್ಲ. ಮೊನ್ನೆ ಶಾಂತಾ ಬೆಲ್ಲದ ಪೆಂಟಿ ಒಡೆಯಲು ಅದನ್ನು ಎತ್ತಿಕೊಂಡಳು. ಎರಡು ಏಟು ಹಾಕಿದಳು. ಬೆಲ್ಲಕ್ಕೆ ಏನೂ ಆಗಲಿಲ್ಲ, ಅವಳ ಕೈ ನೋಯಿತು.

‘ಭಾಳ ವಜ್ಜಾ ಆತ್ರಿ ಇದು. ಹಿತ್ತಲದಾಗಿಂದ ಒಂದ ಕಲ್ಲರೆ ತಂದ ಕೊಡ್ರಿ’ ಎಂದಳು.

ಹೋಗಿ ತಂದುಕೊಟ್ಟೆ. ಕಲ್ಲನ್ನು ಮಾತ್ರ ಒಂದೇ ನೋಟಕ್ಕೆ ಆರಿಸಿದೆ!