ಡಬ್ಬಿಯೊಳಗಿನ ಗಂಡು ಜೇಡ

ಇಳಕಲ್ಲಿನ ಆ ಓಣಿಯಲ್ಲಿ ಒಬ್ಬರ ಮನೆಯ ಡಬ್ಬಿ ಇನ್ನೊಬ್ಬರ ಮನೆಗೆ ಹೋದರೆ ಖಾಲಿ ತಿರುಗಿ ಬರುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು. ಇದು ಯಾರು ಮಾಡಿದ ಕಾಯಿದೆಯೋ ಗೊತ್ತಿಲ್ಲ, ಮುರಿದವರು ಮಾತ್ರ ಇಲ್ಲ. ಯುವರಾಜ ಮಾಸ್ತರನಿಗೆ ಬಂದ ಗಂಡಾಂತರಕ್ಕೆ ಈ ಕಾಯಿದೆಯೇ ಮೂಲ.

ಯುವರಾಜ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ಅವನು ಬೆನ್ನು ಹತ್ತಿದ್ದು ಒಂದು ಜೇಡವನ್ನು. ಬಲೆ ನೇಯುವ ಜೇಡವಲ್ಲ. ನೆಲದಲ್ಲಿ ಬಿಲ ತೋಡಿ, ಬಾಯಿಗೆ ಮಣ್ಣು ಮೆತ್ತಿದ ಕದ ಕೂಡಿಸಿಕೊಂಡು, ಬಾಗಿಲ ಸಂದಿಯಿಂದ ಓಣಿ ನೋಡುವ ಮುದುಕಿಯಂತೆ ಕಾದು ಕೂಡುವ ಜಾತಿ. ರಾಮಥಾಳದ ಕಡೆಯ ಕೆಂಪು ದಿನ್ನೆಗಳಲ್ಲಿ ಇದರ ಹೆಣ್ಣು ಸಿಗುತ್ತದೆ. ಹೆಣ್ಣಿನ ವರ್ಣನೆ ಎಂದೋ ಅಚ್ಚಾಗಿದೆ. ಗಂಡನ್ನು ಮಾತ್ರ ಈತನಕ ಯಾರೂ ಕಂಡಿರಲಿಲ್ಲ. ಇಂಥ ಜೇಡಗಳಲ್ಲಿ ಬಲಿತ ಗಂಡು ಮೊದಲ ಮಳೆಗೆ ಬಿಲ ಬಿಟ್ಟು ಹೆಣ್ಣನ್ನು ಹುಡುಕುತ್ತ ಹೊರಬೀಳುತ್ತದೆ, ಕೆಲವು ದಿನ ಅಲೆದು ಸಾಯುತ್ತದೆ. ಅಷ್ಟರೊಳಗೆ ಅದನ್ನು ಹಿಡಿದು ವರ್ಣನೆ ಬರೆದವನ ಹೆಸರು ಶಾಸ್ತ್ರದಲ್ಲಿ ಉಳಿಯುತ್ತದೆ.

ಅಡಚಣೆ ಒಂದೇ. ಜೀವಂತ ಜೇಡ ಕಂಡರೆ ಯುವರಾಜನ ಕೈಕಾಲು ತಣ್ಣಗಾಗುತ್ತಿದ್ದವು. ಸತ್ತದ್ದಾದರೆ ಸೂಜಿ ಹಿಡಿದು ದಿನವಿಡೀ ತಿರುವಿ ನೋಡುತ್ತಿದ್ದ. ಈ ಗುಟ್ಟು ಹೆಂಡತಿ ರೋಹಿಣಿಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಧಾರವಾಡದ ಬೀರಲಿಂಗ ಸರ್‌ಗಂತೂ ತಿಳಿಯಲೇಬಾರದು. ಅವರು ಅವನಿಗೆ ಈ ವಿದ್ಯೆ ಕಲಿಸಿದವರು, ನಲವತ್ತು ಜೇಡಗಳಿಗೆ ಹೆಸರಿಟ್ಟವರು. "ಹೆದರಾಂವಗ ಕಪ್ಪಿ ಅದಾವ, ಮೀನ ಅದಾವ. ಜ್ಯಾಡಕ್ಕ ಎದಿ ಬೇಕಲೇ ತಮ್ಮಾ" ಎನ್ನುವುದು ಅವರ ನಿತ್ಯದ ಮಾತು.

ಹಿಂದಿನ ಸಂಜೆ ಮಳೆ ನಿಂತ ಮೇಲೆ ದಿನ್ನೆಯ ಕಾಲುದಾರಿಯಲ್ಲಿ ಆ ಗಂಡು ಎದುರಿಗೇ ಬಂದಿತ್ತು. ಬಡಕಲು ಮೈ, ಉದ್ದ ಕಾಲು, ಮುಂದಿನ ಎರಡು ಪುಟ್ಟ ತೋಳಿನ ತುದಿಗೆ ಸೋರೆಬುರುಡೆ ಕಟ್ಟಿದಂಥ ಗಂಟು. ಅದೇ ಗಂಡಿನ ಗುರುತು. ಯುವರಾಜ ಕಣ್ಣು ಅರ್ಧ ಮುಚ್ಚಿ, ಅಡುಗೆಮನೆಯಲ್ಲಿ ಕೈಗೆ ಸಿಕ್ಕಿತೆಂದು ಬುತ್ತಿ ಒಯ್ದಿದ್ದ ಸ್ಟೀಲ್ ಡಬ್ಬಿಯನ್ನು ಅದರ ಮೇಲೆ ಕವುಚಿ, ಒದ್ದೆ ಮಣ್ಣಿನ ಸಮೇತ ಎತ್ತಿ ಮುಚ್ಚಿದ. ಹಳೆಯ ಅರಿವೆಯಲ್ಲಿ ಗಂಟು ಕಟ್ಟಿ ತಂದು ತನ್ನ ಕೋಣೆಯ ಗೋಡೆಯ ಗೂಡಿನಂಥ ಮಾಡದಲ್ಲಿಟ್ಟ.

ಬೀರಲಿಂಗ ಸರ್ ಆಗ ಬಾಗಲಕೋಟೆಗೆ ಬಂದಿದ್ದರು. ಫೋನಿನಲ್ಲಿ ಸುದ್ದಿ ಕೇಳಿ, "ನಾಳಿ ಮಧ್ಯಾಹ್ನ ನಾನ ಬರ್ತೇನಿ. ಅಷ್ಟರಾಗ ಅದನ್ನ ಸ್ಪಿರಿಟ್‌ನ್ಯಾಗ ಹಾಕಿಟ್ಟಿರು" ಎಂದರು. ಹಾಕಬೇಕೆಂದರೆ ಮುಚ್ಚಳ ತೆಗೆಯಬೇಕು. ಯುವರಾಜ ಗಂಟಿನ ಮೇಲೆ ಕೈಯಿಟ್ಟ, ತೆಗೆದ, ಮತ್ತೆ ಇಟ್ಟ. ಬೆಳಿಗ್ಗೆ ನೋಡಿದರಾಯಿತು ಎಂದು ಮಲಗಿದ.

ಬೆಳಿಗ್ಗೆ ಮಾಡ ಖಾಲಿ ಇತ್ತು.

"ಯವ್ವಾ, ಇಲ್ಲೊಂದು ಡಬ್ಬಿ ಇತ್ತಲ್ಲ?"

ತಾಯಿ ತಾಯವ್ವ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. "ಬಿಬಿಜಾನಳ ಡಬ್ಬಿ ಏನೋ? ಹಬ್ಬಕ್ಕ ಖೀರು ಹಾಕಿ ಕಳಿಸಿದ್ಲು. ಅಕಿ ಬಸರಿ ಮಗಳು ಗುಡೂರಾಗ ಉಪ್ಪಿನಕಾಯಿ ಅಂತ ಜೀವಾ ಬಿಡ್ತಾಳಂತ. ರೋಹಿಣಿ ತವರಿಗೆ ಹೋಗುಮುಂದ ಉಪ್ಪಿನಕಾಯಿ ತುಂಬಿ ಕಟ್ಟಿಟ್ಟಿದ್ಲು. ಈಗ ಕೊಟ್ಟು ಬಂದೆ."

"ಅರಿವ್ಯಾಗ ಕಟ್ಟಿತ್ತೇನು?"

"ಹೂಂ. ಎಣ್ಣಿ ಸೋರತದಲ್ಲ, ಅರಿವಿ ಬ್ಯಾಡೇನು?"

ಯುವರಾಜನಿಗೆ ಬೆನ್ನ ಹುರಿಯಲ್ಲಿ ಎಂಟು ಕಾಲು ಹತ್ತಿ ಇಳಿದಂತಾಯಿತು. ಫೋನನ್ನು ಮನೆಯಲ್ಲೇ ಬಿಟ್ಟು ಓಡಿದ. ಬಿಬಿಜಾನ ಪಕ್ಕದ ಮನೆಯವಳು. ಅವನಿದ್ದ ಬಾಡಿಗೆ ಮನೆಯ ಒಡತಿಯೂ ಹೌದು. ಜೇಡ ಎಂಬ ಮಾತು ಆಡಿದರೆ ಸಂಜೆಯೊಳಗೆ ಸಾಮಾನು ಓಣಿಗೆ ಬೀಳುತ್ತಿತ್ತು.

"ಚಾಚಿ, ಆ ಡಬ್ಬಿ?"

"ರಮಜಾನನ ಕೈಯಾಗ ಗುಡೂರಿಗೆ, ಮಗಳು ನರ್ಗೀಸಗ ಕಳಿಸಿದೆ. ಕಟ್ಟಿದ್ದು ಕಟ್ಟಿದಂಗನ. ಯಾಕಪಾ, ಮುಖ ಹಿಂಗ್ಯಾಕ ಸುಣ್ಣ ಬಳದಂಗಾಗೇತಿ?"

"ಉಪ್ಪಿನಕಾಯಿ ಕೆಟ್ಟೈತ್ರಿ… ಬುರುಸು ಹಿಡದೈತಿ."

ಬಿಬಿಜಾನ ಎದ್ದು ನಿಂತಳು. "ಬುರುಸು ಹಿಡದದ್ದು ನನ್ನ ಬಸರಿ ಮಗಳಿಗೆ ಕೊಟ್ರ್ಯಾ?" ಮಗ ರಮಜಾನನಿಗೆ ಫೋನ್ ಹಚ್ಚಿದಳು, ಅವನು ಗಾಡಿಯ ಮೇಲಿದ್ದ, ಎತ್ತಲಿಲ್ಲ. "ಗಾಡಿ ತಗೀ. ನಾನೂ ಬರ್ತೇನಿ."

ಎದುರುಕಟ್ಟೆಯಲ್ಲಿ ಕೂತಿದ್ದ ಈರಪ್ಪ ಹಲ್ಲುಕಡ್ಡಿ ತೆಗೆದು, "ಬರೇ ಬುರುಸಿಗೆ ಮಾಸ್ತರ ಹಿಂಗ ನಡಗ್ತಾನೇನು? ಹಲ್ಲಿ ಬಿದ್ದಿರಬೇಕು" ಎಂದ. ಗುಡೂರಿನಲ್ಲಿ ಈರಪ್ಪನ ಬೀಗರಿದ್ದರು. ಬೈಕು ಓಣಿ ದಾಟುವುದರೊಳಗೆ ಈರಪ್ಪನ ಫೋನು ಕಿವಿಗೇರಿತ್ತು.

ದಾರಿಯುದ್ದಕ್ಕೂ ಯುವರಾಜನ ಕಣ್ಣಿಗೆ ಒಂದೇ ಚಿತ್ರ. ನರ್ಗೀಸ ಆಸೆಯಿಂದ ಮುಚ್ಚಳ ತೆಗೆಯುತ್ತಾಳೆ, ಒಳಗೆ ಬೆರಳು ಹಾಕುತ್ತಾಳೆ. ಕಚ್ಚಿದರೆ ಸಾಯುವಷ್ಟು ವಿಷವಿಲ್ಲ ಎಂದು ಪುಸ್ತಕ ಹೇಳುತ್ತದೆ. ಆದರೆ ಪುಸ್ತಕ ಬರೆದವರು ಹೆಣ್ಣನ್ನಷ್ಟೇ ಬಲ್ಲರು. ಈ ಗಂಡಿನ ವಿಷ ಯಾರಿಗೆ ಗೊತ್ತು? ವಿಷ ಬಿಡು, ಬಸುರಿ ಹೆಂಗಸು ಹೆದರಿ ಬಿದ್ದರೆ? ಬೀಳದಿದ್ದರೆ ಚಪ್ಪಲಿ ಎತ್ತುತ್ತಾಳೆ, ಜಗತ್ತಿಗೆ ಒಂದೇ ಒಂದು ಇದ್ದ ಗಂಡು ಗೋಡೆಗೆ ಕಲೆಯಾಗುತ್ತದೆ. ಮೊದಲು ಯಾವುದಕ್ಕೆ ಹೆದರಬೇಕೆಂದು ತಿಳಿಯದೆ ಎರಡಕ್ಕೂ ಹೆದರುತ್ತ ಗಾಡಿ ಓಡಿಸಿದ. ಹಿಂದೆ ಬಿಬಿಜಾನ ಅವನ ಅಂಗಿ ಹಿಡಿದು, ಒಂದೊಂದು ತಗ್ಗಿಗೂ "ಯಾ ಅಲ್ಲಾ" ಎನ್ನುತ್ತಿದ್ದಳು.

ಗುಡೂರಿನ ಮನೆಯ ಅಂಗಳದಲ್ಲಿ ಮಂದಿ ಸುತ್ತುಗಟ್ಟಿ ನಿಂತಿದ್ದರು. ಯುವರಾಜ ಗಾಡಿ ನಿಲ್ಲಿಸಿದವನೇ ಒಳಗೆ ನುಗ್ಗಿದ. ಆದರೆ ನರ್ಗೀಸ ಹೊಸ್ತಿಲಲ್ಲಿ ಗಟ್ಟಿಮುಟ್ಟಾಗಿಯೇ ಕೂತಿದ್ದಳು. ನಡುವೆ ಒಂದು ಬುಟ್ಟಿ ಬೋರಲು ಹಾಕಿತ್ತು, ಬುಟ್ಟಿಯ ಮೇಲೆ ಒರಳಿನ ಗುಂಡು.

ನರ್ಗೀಸಳ ಮಾವ ಹುಸೇನಸಾಬ ಮುಂದೆ ಬಂದ. "ಇಳಕಲ್ಲಿಂದ ಫೋನ್ ಬಂದಿತ್ತು. ಉಪ್ಪಿನಕಾಯ್ಯಾಗ ಹಲ್ಲಿ ಬಿದ್ದೈತಿ, ಅದು ಇನ್ನಾ ಜೀವಂತ ಐತಿ ಅಂತ. ಯಾರೂ ಮುಟ್ಟಿಲ್ಲ. ತಗೀರಿ ಮಾಸ್ತರ, ನೋಡೇ ಬಿಡೂಣು."

"ಬ್ಯಾಡ್ರಿ. ಹಂಗ ಒಯ್ತೇನಿ."

"ನಿಮ್ಮ ಮನೀದು, ನೀವ ತಗೀಲಿಕ್ಕೆ ಹೆದರ್ತೀರಲ್ಲರೀ."

"ಹೆದರಿಕಿ ಏನಿಲ್ಲ್ರೀ" ಎಂದ ಯುವರಾಜ. ಹಲ್ಲು ಕಟಕಟ ಅಂದವು. ಒಬ್ಬ ಮುದುಕಿ, "ಹಲ್ಲಿ ಅಲ್ಲವ್ವಾ ಇದು. ಅಂವ ಏನೋ ಹಾಕ್ಯಾನ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಯುವರಾಜ ಬುಟ್ಟಿ ಸರಿಸಿ, ಡಬ್ಬಿಯನ್ನು ಅಂಗಿಯೊಳಗೆ ಹಾಕಿಕೊಂಡು, ತಾಯಿಗೆ ಆತುಕೊಂಡ ಕೋತಿಮರಿಯಂತೆ ಎರಡೂ ಕೈಯಿಂದ ಅಪ್ಪಿ ಬೈಕಿನತ್ತ ಓಡಿದ. ಕಟ್ಟಿದ ಗಂಟನ್ನು ಬಿಚ್ಚಿ ತೋರಿಸದೆ ಓಡಿದವನನ್ನು ಗುಡೂರು ಏನೆಂದು ತಿಳಿಯಬೇಕೋ ಹಾಗೆಯೇ ತಿಳಿಯಿತು.

ಮರಳುವಾಗ ಬಿಬಿಜಾನ ಅಂಗಿ ಹಿಡಿಯಲಿಲ್ಲ. ಬೀಳುವುದಾದರೂ ಚಿಂತೆಯಿಲ್ಲ ಎಂಬಂತೆ ಹಿಂದಕ್ಕೆ ಸರಿದು ಕೂತಳು. ನಡುದಾರಿಯಲ್ಲಿ ಗಾಡಿ ಪಂಕ್ಚರಾಗಿ, ಇಳಕಲ್ಲು ಮುಟ್ಟುವಾಗ ಇಳಿಹೊತ್ತಾಗಿತ್ತು. ಯುವರಾಜನಿಗೆ ಹೊಟ್ಟೆಯ ಮೇಲೆ ಏನೋ ತೇವವಾಗಿ ಹರಿದಂತಾಗುತ್ತಿತ್ತು. ಹಲ್ಲು ಕಚ್ಚಿ ಸಹಿಸಿದ. "ಅಂಗಿಗೆ ಎಣ್ಣಿ ಹತ್ತೇತಿ ನೋಡು" ಎಂದು ಮನೆ ಮುಂದೆ ಇಳಿದಾಗ ಅವಳು ಹೇಳಿದ್ದು ಅವನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಗಂಡು ಸಿಕ್ಕಿತ್ತು. ಅದಷ್ಟೇ ಸಾಕಿತ್ತು.

ಕೋಣೆಯ ಬಾಗಿಲು ಹಾಕಿದ. ಸ್ಪಿರಿಟ್ ಬಾಟಲಿ ತೆಗೆದಿಟ್ಟ. ಕುಲದೇವರನ್ನು ನೆನೆದು, ಗಂಟು ಬಿಚ್ಚಿ, ಮುಖ ಅತ್ತ ತಿರುಗಿಸಿ ಮುಚ್ಚಳ ಎತ್ತಿದ. ಘಮ್ಮೆಂದು ಮಾವಿನಕಾಯಿಯ ವಾಸನೆ ಬಂತು. ಇಣುಕಿದ. ಕೆಂಪು ಎಣ್ಣೆಯಲ್ಲಿ ಹೋಳುಗಳು ಹೊಳೆಯುತ್ತಿದ್ದವು.

"ಯವ್ವಾ," ಎಂದ. "ಇದು ಉಪ್ಪಿನಕಾಯಿ."

"ಮತ್ತೇನು ಹೇಳಿದ್ನಿ ನಿನಗ?" ತಾಯವ್ವ ಬಾಗಿಲಿಗೆ ಬಂದಳು. "ಬಿಬಿಜಾನ ಎರಡು ಡಬ್ಬಿ ಕಳಿಸಿದ್ಲು. ಅಡಗಿಮನ್ಯಾಗಿಂದು ಅಕಿಗೆ ಕೊಟ್ಟೆ. ಇನ್ನೊಂದು ನಿನ್ನ ಖೋಲ್ಯಾಗ ಕಟ್ಟಿಟ್ಟಿತ್ತು. ಇದೂ ಉಪ್ಪಿನಕಾಯಿನ, ಇಲ್ಲ್ಯಾಕ ಇಟ್ಟಾಳ ಈ ಹುಡುಗಿ ಅಂತ ಒಳಗ ತಂದಿಟ್ಟೆ."

"ಎಲ್ಲೈತಿ ಅದು?"

"ನಿಮ್ಮ ಸರ್ ಬಂದಿದ್ರು. ಭಾಳ ಹೊತ್ತು ಕುಂತ್ರು, ನಿನ್ನ ಫೋನ್ ಇಲ್ಲೇ ಒದರತಿತ್ತು. ರೊಟ್ಟಿ ಉಂಡ್ರು, ಉಪ್ಪಿನಕಾಯಿ ಹೊಗಳಿ ಹೊಗಳಿ ಉಂಡ್ರು. ಬಸ್ಸಿಗೆ ಹೊತ್ತಾತು ಅಂತ ಎದ್ದ್ರು. ಗುರುಗಳನ್ನ ಖಾಲಿ ಕೈಲೆ ಕಳಸ್ಲೇನು? ಆ ಡಬ್ಬೀನ ಕೊಟ್ಟೆ."

ಯುವರಾಜ ಕುರ್ಚಿಯಲ್ಲಿ ಕುಸಿದ. ಆಮೇಲೆ ಲೆಕ್ಕ ಹಾಕಿದ. ಹೋಗಿ ಹೋಗಿ ಆ ಗಂಡು ಸೇರಿದ್ದು ಬೀರಲಿಂಗ ಸರ್ ಕೈ. ಅವರಿಗಿಂತ ಭದ್ರವಾದ ಜಾಗ ಉಂಟೇ? ಅಷ್ಟರಲ್ಲಿ ಫೋನು ಕೂಗಿತು. ಅವರೇ.

"ಯುವರಾಜ," ಎಂದರು ಸರ್. ದನಿ ಅವರದಲ್ಲವೆಂಬಂತೆ ಸಣ್ಣಗಿತ್ತು. "ನಿಮ್ಮ ತಾಯಿ ಕೊಟ್ಟ ಡಬ್ಬಿ… ಒಂದು ಹೋಳು ಬಾಯಿಗೆ ಹಾಕ್ಕೋಬೇಕಂತ ಬಸ್ಸಿನ್ಯಾಗ ತಗದೆ."

"ಸರ್, ಅದು ಗಂಡು ಸರ್."

"ಹೌದು. ತೋಳಿನ ತುದಿಗೆ ಗಂಟು ಇದ್ದವು. ಲಕ್ಷಣ ಎಲ್ಲಾ ಬರೋಬ್ಬರಿ ಇತ್ತು. ಹಾರಿ ಹೋಗುಮುಂದ ನೋಡಿದೆ."

"ಹಾರಿ?"

"ಅಮೀನಗಡ ದಾಟಿತ್ತು. ಡಬ್ಬಿ ಸಮೇತ ಕಿಡಕಿಲೆ ಒಗದ್ನೆಪಾ."

"ಸರ್, ನೀವು ನಲವತ್ತು ಜೇಡಕ್ಕ ಹೆಸರಿಟ್ಟಾವ್ರು."

"ಅವೆಲ್ಲಾ ಸತ್ತಿದ್ದವು" ಎಂದರು ಬೀರಲಿಂಗ ಸರ್.

ಫೋನು ಕೆಳಗಿಟ್ಟಾಗ ಹೊರಗೆ ಗೋಡೆಯಾಚೆ ಬಿಬಿಜಾನಳ ದನಿ ಕೇಳಿಸಿ ಅಂಗಳಕ್ಕೆ ಬಂದ. ಓಣಿಯ ಹೆಂಗಸರೆಲ್ಲ ಅವಳ ಹಿಂದೆ ನಿಂತಿದ್ದರು. ಈರಪ್ಪನೂ ಇದ್ದ.

"ಯುವರಾಜ, ನಮ್ಮ ಎರಡೂ ಡಬ್ಬಿ ನಿಮ್ಮನ್ಯಾಗ ಉಳದಾವಲ್ಲ," ಎಂದಳು ಅವಳು, ಗೋಡೆಗೆ ತುಸು ದೂರವೇ ನಿಂತು. "ಅವನ್ನ ತೊಳದು ಕೊಟ್ಟುಬಿಡ್ರಿ. ಏನೂ ಹಾಕಬ್ಯಾಡ್ರಿ ಬೇಟಾ. ಖಾಲಿ ಕೊಟ್ರ ಸಾಕು."