ಭಾವನ ಕೋಟೆಯಲ್ಲಿ ನನ್ನ ಹಾಸಿಗೆ

ನನ್ನ ಭಾವ ಇಂಗ್ಲೆಂಡಿನಲ್ಲೊಂದು ಕೋಟೆ ಕಟ್ಟಿದ್ದಾರೆ ಎಂದರೆ ನೀವು ನಗುತ್ತೀರಿ. ನಗಿ! ಇಂಗ್ಲೆಂಡಿನ ಮಣ್ಣು ತುಳಿಯದೆ, ದುಬೈ ಸಿಲಿಕಾನ್ ಓಯಸಿಸ್‌ನ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಕಟ್ಟಿದ್ದಾರೆ, ಅದೂ ಪೆನ್ಸಿಲ್ಲಿನಲ್ಲಿ!

ಅಲ್ ಕೂಜ್‌ನ ವರ್ಕ್‌ಶಾಪಿನಲ್ಲಿ ಅಲ್ಯೂಮಿನಿಯಂ ಕಿಟಕಿಗಳ ಡ್ರಾಯಿಂಗ್ ಮಾಡುವ ಇವರಿಗೆ ಇಂಟರ್‌ನೆಟ್ಟಿನಲ್ಲಿ ಉತ್ಖನನದ ಮೇಡಂ ಒಬ್ಬರ ಪರಿಚಯವಾಯಿತು. ಅವರು ಅಗೆಯುತ್ತಿದ್ದದ್ದು ಮಧ್ಯಯುಗದ ಕೋಟೆ. ಮಣ್ಣು ಪೇರಿಸಿದ ದಿಬ್ಬ, ನೆತ್ತಿಯಲ್ಲಿ ಮರದ ಗೋಪುರ, ಕೆಳಗೆ ಬೇಲಿ ಹಾಕಿದ ಅಂಗಳ. ಈಗ ಉಳಿದಿರುವುದು ಕಂಬದ ಕುಳಿಗಳು, ಅಂಗಳದಲ್ಲೊಂದು ಒಲೆ, ಅಷ್ಟೇ. ಫೋಟೋ ನೋಡಿ ಭಾವ ಇಡೀ ಕೋಟೆ ಬರೆದರೆ ಅದು ಮೇಡಂ ಅವರ ಪುಸ್ತಕದಲ್ಲಿ ಅಚ್ಚಾಗುತ್ತದೆ. ಭಾವನಿಗೆ ಅದೊಂದೇ ಆಸೆ.

ಅವರ ನಿಯಮವೂ ಒಂದೇ: ಸಾಕ್ಷಿ ಸಿಗದೆ ಗೆರೆ ಎಳೆಯುವುದಿಲ್ಲ. "ಅಂಗಳದಲ್ಲಿ ಒಂದು ಕೋಳಿಯನ್ನಾದ್ರೂ ಬಿಡಿ ಮಾರಾಯ್ರೆ" ಎಂದು ಅಕ್ಕ ಹೇಳಿದರೆ, "ಕೋಳಿಯ ಎಲುಬು ಸಿಕ್ಕಿದೆಯಾ?" ಬಿರಿಯಾನಿಯನ್ನೂ ಬದಿಯಿಂದ ಚಮಚದಲ್ಲಿ ಕಡಿದು, ಪದರ ನೋಡಿ, "ಈ ಮಸಾಲೆ ನಿನ್ನೆಯದ್ದು" ಎಂದು ತೀರ್ಪು ಕೊಡುತ್ತಾರೆ. ಒಮ್ಮೆ ಅಕ್ಕ ಸೌಟು ಎತ್ತಿದಳು: "ಇನ್ನೊಂದು ಮಾತಾಡಿದ್ರೆ ನಿಮ್ಮನ್ನೇ ಹೂತು ಹಾಕ್ತೇನೆ. ಆಮೇಲೆ ಯಾರಾದ್ರೂ ಅಗೆದು ನೋಡ್ಲಿ!"

ನಾನಾಗ ಕೆಲಸ ಕಳಕೊಂಡು ಅವರ ಹಾಲಿನಲ್ಲಿ, ಅಡುಗೆಮನೆಯ ಬಾಗಿಲ ಪಕ್ಕ, ಹಾಸಿಗೆ ಹಾಕಿ ನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ, ಭಾವ ಟೇಪು ಹಿಡಿದು ನನ್ನ ಹಾಸಿಗೆಯ ಉದ್ದಗಲ ಅಳೆಯುತ್ತಿದ್ದಾರೆ! ಈ ಊರಿನಲ್ಲಿ ಹಾಲಿನ ಮೂಲೆ ಅಳೆದರೆಂದರೆ ಏನರ್ಥ? ಪ್ಲೈವುಡ್ ಪಾರ್ಟಿಷನ್ ಬರುತ್ತದೆ, ಬೆಡ್‌ಸ್ಪೇಸಿಗೆ, ಅಂದರೆ ಒಂದು ಹಾಸಿಗೆಯಷ್ಟು ಜಾಗಕ್ಕೆ, ಬಾಡಿಗೆಯವರು ಬರುತ್ತಾರೆ. ಖಲಾಸ್! ಬಾಯಿಬಿಟ್ಟು ಹೇಳಲಾರದೆ ಟೇಪಿನಲ್ಲಿ ಹೇಳುತ್ತಿದ್ದಾರೆ, ಪಾಪ. ತಲೆ ತಗ್ಗಿಸಿ ಬ್ಯಾಗ್ ತುಂಬಿದೆ.

ಸಂಜೆ ಬಂದ ಭಾವ ಬ್ಯಾಗ್ ನೋಡಿದರು. "ಎಂತ ಇದು?"

"ನಿಮಗೆ ಜಾಗ ಬೇಕಲ್ಲ ಭಾವ. ಬೆಳಿಗ್ಗೆ ಅಳೆದ್ರಲ್ಲ."

ಅವರು ಕೋಟೆಯ ಹಾಳೆ ಬಿಚ್ಚಿ ಹರಡಿದರು. ಅಂಗಳದ ಒಲೆಯ ಪಕ್ಕ ಒಬ್ಬ ಮುದುಡಿ ಮಲಗಿದ್ದ. ಚೌಕುಳಿ ಹೊದಿಕೆ, ಹೊರಗೆ ಚಾಚಿದ ಒಂದು ಕಾಲು. ಅಯ್ಯೋ, ನಾನೇ!

"ಮೇಡಂ ಇವನನ್ನು ತೆಗೀರಿ ಅಂತಾರೆ. ಸಾಕ್ಷಿ ಇಲ್ವಂತೆ. ತೆಗೆಯದಿದ್ರೆ ಅಚ್ಚು ಹಾಕುದಿಲ್ವಂತೆ."

"ತೆಗೆದುಬಿಡಿ ಭಾವ!"

"ಹೇಗೆ ತೆಗೆಯುದು ಮಾರಾಯ? ಒಲೆ ಉಂಟು ಅಂದ್ರೆ ಅದರ ಹತ್ತಿರ ಮನೆಯವನೊಬ್ಬ ಮಲಗಿಯೇ ಇರ್ತಾನೆ. ನಿನ್ನ ಹಾಸಿಗೆಯ ಅಳತೆ ಸಮೇತ ಸಾಕ್ಷಿ ಕಳಿಸಿದ್ದೇನೆ. ಬ್ಯಾಗ್ ಒಳಗಿಡು."

ಚಿತ್ರ ಅಚ್ಚಾಗಲಿಲ್ಲ. ನನಗೆ ಅಬುಧಾಬಿಯಲ್ಲಿ ಕೆಲಸ ಸಿಕ್ಕಿತು, ಈಗ ನನ್ನದೇ ಕೋಣೆಯಿದೆ. ಆದರೂ ಅಕ್ಕನ ಮನೆಗೆ ಹೋದಾಗಲೆಲ್ಲ ಗೋಡೆಯ ಮೇಲಿನ ಆ ಕೋಟೆಯ ಮುಂದೆ ನಿಲ್ಲುತ್ತೇನೆ. ಒಲೆಯ ಪಕ್ಕದಿಂದ ಭಾವ ನನ್ನನ್ನು ಇನ್ನೂ ಅಳಿಸಿಲ್ಲ.