ಮ್ಯಾನೇಜರ್ ಸಾಹೇಬರ ಹಾಕಿ ಟೀಮು

ಮನುಷ್ಯ ಅಂದಮೇಲೆ ಒಂದು ತಪ್ಪು ಮಾಡ್ತಾನೆ, ಎರಡು ಮಾಡ್ತಾನೆ. ನಮ್ಮ ಹಾಕಿ ಟೀಮಿನ ಮ್ಯಾನೇಜರ್ ಮಾತ್ರ ವಾರಕ್ಕೊಂದು ಹೊಸ ತಪ್ಪು ಹುಡುಕಿಕೊಂಡು ಬರ್ತಿದ್ರು. ಎಂಬತ್ತರ ದಶಕದ ಶುರುವಿನ ಮಾತು ಇದು. ಇವತ್ತಿಗೂ ನೆನೆಸಿಕೊಂಡರೆ ನನಗೆ ಮೈ ಉರಿಯುತ್ತೆ.

ನಾನು ಜಯನಗರದ ಹತ್ತಿರದ ಒಂದು ಕಾರ್ಖಾನೆ ಟೀಮಿನಲ್ಲಿ ಫುಲ್ ಬ್ಯಾಕ್. ಆಡೋಕೆ ಅಂತಲೇ ಕೆಲಸಕ್ಕೆ ತಗೊಂಡಿದ್ರು, ಆದರೆ ಟೆಂಪರರಿ. ಆ ವರ್ಷ ಕಾರ್ಖಾನೆಯ ದೊಡ್ಡ ಸಾಹೇಬರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: ಟೀಮು ಎ ಡಿವಿಷನ್‌ನಲ್ಲಿ ಉಳಿದರೆ ಎಲ್ಲರೂ ಪರ್ಮನೆಂಟು, ಇಳಿದರೆ ಟೀಮೂ ಇಲ್ಲ, ಕೆಲಸವೂ ಇಲ್ಲ. ಬನಶಂಕರಿಯಲ್ಲಿ ನನಗೊಂದು ಹೆಣ್ಣು ನೋಡಿದ್ರು. ಹುಡುಗಿಯ ಅಪ್ಪ ಕೂಡ ಅದನ್ನೇ ಹೇಳಿದ್ರು, ಮೊದಲು ಪರ್ಮನೆಂಟ್ ಆಗಲಿ, ಆಮೇಲೆ ಮಾತಾಡೋಣ ಅಂತ. ನನ್ನ ಕೆಲಸ, ನನ್ನ ಮದುವೆ ಎರಡೂ ಈ ಪುಣ್ಯಾತ್ಮ ಮ್ಯಾನೇಜರ್ ಕೈಯಲ್ಲಿ.

ಅಗಲದ ಗೋಲ್ ಕೀಪರ್

ನಮ್ಮ ಗೋಲ್ ಕೀಪರ್ ಕುಳ್ಳ, ಸಣಕಲ. ಆದರೆ ಚೆಂಡು ಎಲ್ಲಿಂದ ಬಂದರೂ ಬಿಡೋ ಆಸಾಮಿ ಅಲ್ಲ. ಮ್ಯಾನೇಜರ್ ಅವನನ್ನ ಮೇಲಿಂದ ಕೆಳಗೆ ನೋಡಿದ್ರು, ಇವನು ನಿಂತರೆ ಹಿಂದೆ ಗೋಲೆಲ್ಲ ಖಾಲಿ ಕಾಣುತ್ತಲ್ಲಯ್ಯ ಅಂದ್ರು. ಪ್ಯಾಕಿಂಗ್ ಸೆಕ್ಷನ್ನಿಂದ ಒಬ್ಬ ದಢೂತಿ ಮನುಷ್ಯನನ್ನ ಕರಕೊಂಡು ಬಂದು ಗೋಲಿನಲ್ಲಿ ನಿಲ್ಲಿಸಿದ್ರು. ನಿಜ ಹೇಳ್ಬೇಕು, ಗೋಲು ಅರ್ಧ ಮುಚ್ಚಿಹೋಯ್ತು.

ಮ್ಯಾಚ್ ಶುರುವಾಯ್ತು. ಮೊದಲನೇ ಚೆಂಡು ರೊಯ್ಯನೆ ಬಂತು. ಪಾಪ, ಪ್ರಾಣಭಯ ಯಾರಿಗಿಲ್ಲ? ಆತ ಕಣ್ಣು ಮುಚ್ಚಿಕೊಂಡು ಪಕ್ಕಕ್ಕೆ ಸರಿದು ಚೆಂಡಿಗೆ ದಾರಿ ಬಿಟ್ಟ. ಮಿಕ್ಕ ಚೆಂಡುಗಳಿಗೂ ಅದೇ ಮರ್ಯಾದೆ. ಸೋತು ಸುಣ್ಣವಾಗಿ ಬಂದರೆ ಮ್ಯಾನೇಜರ್ ಅವನ ಬೆನ್ನು ತಟ್ಟಿ, ಒಂದು ಪೆಟ್ಟೂ ಬೀಳದ ಹಾಗೆ ಆಡಿದ್ದೀಯ ಅಂತ ಹೊಗಳಿದ್ರು.

ಸುಮ್ಮನೆ ನಿಂತಿದ್ದಕ್ಕೆ

ಮುಂದಿನ ವಾರ ನನ್ನ ಸರದಿ. ಚೆಂಡು ಆ ತುದಿಯಲ್ಲಿದ್ದಾಗ ಫುಲ್ ಬ್ಯಾಕ್ ಈ ತುದಿ ಕಾಯಬೇಕು, ಅದೇ ಅವನ ಕೆಲಸ. ನಾನೂ ಹಾಗೇ ಕಾದೆ. ಮ್ಯಾಚಿನ ಮಾರನೇ ದಿನ ಮ್ಯಾನೇಜರ್ ಕಡೆಯಿಂದ ನನ್ನ ಕೈಗೆ ಮೆಮೊ ಬಂತು, ಉಳಿದವರು ಬೆವರು ಸುರಿಸುವಾಗ ನೀನು ಕೆಲಸವಿಲ್ಲದೆ ನಿಂತಿದ್ದೆ ಅಂತ. ತಲೆ ಕೆಟ್ಟುಹೋಯ್ತು. ಎಷ್ಟು ವಿವರಿಸಿದರೂ, ಮೆಷಿನ್ ಹತ್ರ ಹೀಗೆ ನಿಂತ್ಕೋತೀಯಾ ಅನ್ನೋದೊಂದೇ ಪ್ರಶ್ನೆ.

ಸರಿ, ಹಾಳಾಗಿ ಹೋಗಲಿ ಅಂತ ನಾನೂ ಚೆಂಡಿನ ಹಿಂದೆ ಓಡಿದೆ. ನಾನು ಅತ್ಲಾಗೆ ಹೋದೆ, ಚೆಂಡು ಇತ್ಲಾಗೆ ಬಂತು, ದಢೂತಿ ಎಂದಿನಂತೆ ದಾರಿ ಬಿಟ್ಟ. ಆ ಮ್ಯಾಚೂ ಹೋಯ್ತು. ಆದರೆ ಮೆಮೊ ವಾಪಸ್ ತಗೊಂಡ್ರು.

ಪೂಜೆಗೆ ಇಟ್ಟ ಸ್ಟಿಕ್ಕುಗಳು

ಕೊನೇ ಮ್ಯಾಚ್ ವಿಜಯದಶಮಿ ಬೆಳಿಗ್ಗೆ ಬಿತ್ತು. ಡ್ರಾ ಆದರೂ ಸಾಕು, ಉಳಕೊಳ್ತೀವಿ. ಹಿಂದಿನ ದಿನ ಆಯುಧ ಪೂಜೆ ಅಂತ ಮ್ಯಾನೇಜರ್ ನಮ್ಮ ಸ್ಟಿಕ್ಕುಗಳನ್ನೆಲ್ಲ ಹನುಮಂತನಗರದ ತಮ್ಮ ಮನೆಗೆ ತರಿಸಿಕೊಂಡು, ಸಾಲಾಗಿ ಜೋಡಿಸಿ, ಕುಂಕುಮ ಹಚ್ಚಿ, ಹೂವು ಏರಿಸಿದ್ರು. ಮ್ಯಾಚಿನ ದಿನ ಬೆಳಗಾಗೆದ್ದು ತರೋಕೆ ಹೋದರೆ ದೇವರ ಕೋಣೆಗೆ ಬೀಗ.

"ಪೂಜೆ ಕದಲಿಸೋವರೆಗೂ ಆಯುಧ ಮುಟ್ಟಂಗಿಲ್ಲಪ್ಪ. ಒಂಬತ್ತಕ್ಕೆ ಪುರೋಹಿತರು ಬರ್ತಾರೆ" ಅಂದ್ರು.

ಮ್ಯಾಚ್ ಎಂಟಕ್ಕೆ! ಕೈಮುಗಿದೆ, ಕೂಗಾಡಿದೆ, ಅಳೋದೊಂದು ಬಾಕಿ. ಅವರು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಬೈಕೊಂಡೇ ಸೈಕಲ್ ತುಳಿದು ಮೈದಾನಕ್ಕೆ ಬಂದೆ. ಎದುರಾಳಿಗಳ ಕೋಚ್ ಒಳ್ಳೇ ಮನುಷ್ಯ, ನಮ್ಮ ಪಾಡು ಕೇಳಿ ಹೊಟ್ಟೆ ಹಿಡಕೊಂಡು ನಕ್ಕು, ತಮ್ಮ ಹಳೇ ಸ್ಟಿಕ್ಕುಗಳನ್ನ ಕೊಟ್ರು. ದಢೂತಿ ಹಬ್ಬಕ್ಕೆ ಊರಿಗೆ ಹೋಗಿದ್ದರಿಂದ ಕುಳ್ಳ ಗೋಲಿನಲ್ಲಿ ನಿಂತ. ಮ್ಯಾನೇಜರ್ ಇಲ್ಲದ್ದರಿಂದ ನಾನು ನನ್ನ ಜಾಗದಲ್ಲೇ ನಿಂತೆ. ಪ್ರಾಣ ಪಣಕ್ಕಿಟ್ಟು ಆಡಿದ್ವಿ. ಡ್ರಾ ಆಯ್ತು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಮ್ಯಾಚ್ ನೋಡೋಕೆ ಬಂದಿದ್ದ ದೊಡ್ಡ ಸಾಹೇಬರು ಹತ್ರ ಕರೆದು, ನಿಮ್ಮ ಮ್ಯಾನೇಜರ್ ಹೇಗೆ, ಹೆದರದೆ ಹೇಳು ಅಂದ್ರು. ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಕಕ್ಕಿದೆ. ದಢೂತಿ, ಮೆಮೊ, ಬೀಗ, ಒಂದನ್ನೂ ಬಿಡಲಿಲ್ಲ. ಸಾಹೇಬರ ಮುಖ ಕೆಂಪಾಯ್ತು. ಒಳಗೊಳಗೇ ನನಗೆ ಖುಷಿ, ಇವತ್ತು ಈ ಮನುಷ್ಯನ ಕಥೆ ಮುಗೀತು ಅಂತ. ನಾವು ಚೀಲ ಕಟ್ಟಿ ಹೊರಡೋ ಹೊತ್ತಿಗೆ, ಬಾಳೆಕಂದು ಕಟ್ಟಿದ್ದ ಬಸ್ಸಿಂದ ಕುಂಕುಮದ ಸ್ಟಿಕ್ಕುಗಳ ಹೊರೆ ಹೊತ್ತುಕೊಂಡು ಮ್ಯಾನೇಜರ್ ಇಳಿದ್ರು.

"ಏನ್ರೀ, ಮ್ಯಾಚ್ ದಿನ ಸ್ಟಿಕ್ಕಿಗೆ ಬೀಗ ಹಾಕಿದ್ದು ನಿಜಾನಾ?" ಅಂತ ಸಾಹೇಬರು ಕೇಳಿದ್ರು.

ಮ್ಯಾನೇಜರ್ ಫಲಿತಾಂಶ ಏನಾಯ್ತು ಅಂತ ಕೇಳಿ ತಿಳಕೊಂಡು, ನಿಧಾನವಾಗಿ ಹೊರೆ ಇಳಿಸಿದ್ರು.

"ನಿಜ ಸಾರ್. ವರ್ಷವೆಲ್ಲ ಇದೇ ಸ್ಟಿಕ್ ಹಿಡಿದು ಸೋತ್ರು. ಇವತ್ತು ಇವನ್ನ ಕೈಗೆ ಸಿಗದ ಹಾಗೆ ಇಟ್ಟೆ, ಉಳಕೊಂಡ್ರು. ತಪ್ಪಾಯ್ತಾ ಸಾರ್?"

ಸಾಹೇಬರು ಯೋಚನೆ ಮಾಡಿದ್ರು. ಆಮೇಲೆ ನನ್ನ ಕಡೆ ತಿರುಗಿ, ಪಾಯಿಂಟ್ ಇದೆ ಕಣಯ್ಯ ಅಂದ್ರು.

ಹೇಳಿದ ಮಾತಿನಂತೆ ಸಾಹೇಬರು ನಮ್ಮನ್ನೆಲ್ಲ ಪರ್ಮನೆಂಟ್ ಮಾಡಿದ್ರು, ನನ್ನ ಮದುವೆಯೂ ಆಯ್ತು. ಜೊತೆಗೆ ಟೀಮಿಗೆ ಮ್ಯಾನೇಜರನ್ನೂ ಪರ್ಮನೆಂಟ್ ಮಾಡಿದ್ರು.